ಭಾವನ ದೋಣಿ

ಡ್ರಾಯಿಂಗ್ ಮೇಷ್ಟ್ರ ಹೆಂಡತಿಯ ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. "ಓರೆ ಮಾಡಿ, ಸ್ವಲ್ಪ ಓರೆ ಮಾಡಿ" ಎಂದು ಮಗಳು ಒಳಗಿನಿಂದ ಹೇಳುತ್ತಿದ್ದಳು. ಎಡಕ್ಕೋ ಬಲಕ್ಕೋ ತಿಳಿಯದೆ ಅವಳ ಕಚೇರಿಯವರು ತಬ್ಬಿಬ್ಬಾಗಿ ನಿಂತಿದ್ದರು. ಅಷ್ಟರಲ್ಲಿ ಮುದುಕನೊಬ್ಬ ಜನರ ನಡುವೆ ನುಗ್ಗಿ ಬಂದು, ಮೂಲೆಗೆ ಹೆಗಲು ಕೊಟ್ಟು, ದಡದಿಂದ ದೋಣಿ ಇಳಿಸುವ ಹಾಗೆ ಮೆಲ್ಲಗೆ ಅದನ್ನು ಹೊರಗೆ ಜಾರಿಸಿದ.

ಮೇಷ್ಟ್ರು ತಿರುಗಿ ನೋಡಿದರೆ, ಅಣ್ಣ. ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಹೋದವನು ಇಪ್ಪತ್ತು ವರ್ಷವಾದರೂ ಇತ್ತ ತಲೆಹಾಕಿರಲಿಲ್ಲ.

"ಯಾವಾಗ ಬಂದೆ?"

"ಬೆಳಗಿನ ಬಸ್ಸಿಗೆ. ನಡಿ, ಆಮೇಲೆ ಮಾತಾಡೋಣ."

ಸ್ಮಶಾನದಲ್ಲಿ ಪರಿಸರ ಸಂಸ್ಥೆಯ ಈಗಿನ ಮುಖ್ಯಸ್ಥರು ಭಾಷಣ ಮಾಡಿದರು. ಇವರು ಇಡೀ ದೇಶದ ಗಾಳಿ, ನೀರು, ಮಣ್ಣು ಕಾಯ್ದವರು, ಯಾರಿಗೂ ಹೆದರದವರು ಎಂದರು. ಮಂತ್ರಿಗಳ ಜೊತೆ ಸಭೆಯಿದ್ದ ದಿನ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು.

"ನಿಮ್ಮಮ್ಮ ಇದ್ದಿದ್ರೆ ಈ ಭಾಷಣಕ್ಕೂ ಕೆಂಪು ಗೀಟು ಎಳೀತಿದ್ದಳು," ಎಂದರು ಮಗಳ ಕಿವಿಯಲ್ಲಿ. ಮಗಳು ಕರವಸ್ತ್ರದ ಮರೆಯಲ್ಲಿ ನಕ್ಕಳು. ನಗು ಅಲ್ಲಿಗೇ ನಿಲ್ಲದೆ ಅಳುವಾಯಿತು.

*

ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವುದರಿಂದ ಶುರು ಮಾಡಿದವಳು ಅವಳು. ಒಂದೊಂದೇ ಮೆಟ್ಟಿಲು ಹತ್ತಿ ಮುಖ್ಯಸ್ಥೆಯಾದ ವರ್ಷವೇ ಗಂಡನ ಊರಿನ ಕೆರೆಯ ವರದಿ ಮೇಜಿಗೆ ಬಂತು. ಕಾಗದದ ಕಾರ್ಖಾನೆ ಬಿಟ್ಟ ನೀರಿನಿಂದ ಮೀನುಗಳಲ್ಲಿ ಪಾದರಸ ಸೇರಿತ್ತು; ಹೊಟ್ಟೆಯಲ್ಲಿರುವ ಕೂಸಿಗೆ ಅದು ವಿಷ.

"'ಮೀನು ಕಡಿಮೆ ತಿನ್ನಿ' ಅಂತ ಹೇಳಿದ್ರೆ ಸಾಲದೇನಮ್ಮ?" ಎಂದು ಮಂತ್ರಿ ಕೇಳಿದ್ದರಂತೆ.

"ಎಷ್ಟು ಕಡಿಮೆ ಅಂತ ಬಸುರಿ ಹೆಂಗಸು ಯಾವುದರಲ್ಲಿ ಅಳೀಬೇಕು, ಸಾರ್?"

ಅವಳ ಆದೇಶಕ್ಕೆ ಕಾರ್ಖಾನೆಯ ಕೊಳವೆ ಮುಚ್ಚಿತು. ಕೆರೆಯಲ್ಲಿ ಬಲೆ ಹಾಕುವುದೂ ನಿಂತಿತು. ಮರುದಿನವೇ ಅಣ್ಣ ಬಂದ. ಅವನಿಗೆ ದೋಣಿ ಬಿಟ್ಟರೆ ಬೇರೆ ಬದುಕಿರಲಿಲ್ಲ.

"ಅವರ ಕೊಳವೆ ಮುಚ್ಚಿಸಿದೆ, ಸರಿ. ನಮ್ಮ ಒಲೆ ಯಾಕಮ್ಮ ಆರಿಸಿದೆ?"

"ವಿಷ ತಳದ ಕೆಸರಲ್ಲಿ ಕೂತಿದೆ, ಭಾವ. ಅದು ನನ್ನ ಮಾತು ಕೇಳಿ ಎದ್ದು ಹೋಗಲ್ಲ."

ಅಣ್ಣ ತಮ್ಮನ ಕಡೆ ತಿರುಗಿದ. "ನೀನೇನಂತೀಯೋ?"

ಮೇಷ್ಟ್ರು ನೆಲ ನೋಡುತ್ತಲೇ ಹೇಳಿದರು: "ಅವಳು ಹೇಳ್ತಿರೋದು ಸರಿ, ಅಣ್ಣ."

ದೋಣಿ ದಡದಲ್ಲೇ ಉಳಿಯಿತು. ಅಣ್ಣ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನಾದ. ಅಂದಿನಿಂದ ತಮ್ಮನ ಜೊತೆ ಮಾತಿಲ್ಲ, ಕತೆಯಿಲ್ಲ.

*

ಜನ ಚದುರಿದ ಮೇಲೆ ಇಬ್ಬರೂ ಸ್ಮಶಾನದ ಗೇಟಿನ ಬಳಿಯ ಬೆಂಚಿನ ಮೇಲೆ ಕೂತರು.

"ಸುದ್ದಿ ಯಾರು ಹೇಳಿದ್ರು?"

"ಯಾಕೆ, ಆಸ್ಪತ್ರೆಯಿಂದ ಅವಳೇ ಫೋನ್ ಮಾಡಿದ್ದಳಲ್ಲ. ಇನ್ನು ಜಾಸ್ತಿ ದಿನ ಇಲ್ಲ, ಭಾವ ಅಂದಳು."

"ನಿನಗೆ?"

ಅಣ್ಣ ಮೊಣಕಾಲು ಉಜ್ಜಿಕೊಂಡ. "ವರ್ಷಕ್ಕೊಂದು ಸಲ ಮೀನು ಹಿಡಿದು ಪರೀಕ್ಷೆ ಮಾಡ್ಬೇಕಿತ್ತಲ್ಲ. ಮೊದಲನೇ ವರ್ಷ ದಡಕ್ಕೆ ಬಂದಳು. ಊರಲ್ಲಿ ಒಬ್ಬನೂ ದೋಣಿ ಬಿಡಲಿಲ್ಲ. ಉರಿ ಬಿಸಿಲಲ್ಲಿ ನಿಂತೇ ಇದ್ದಳು, ಪುಣ್ಯಾತ್ಗಿತ್ತಿ. ನನಗೇ ನೋಡೋಕಾಗಲಿಲ್ಲ. ಆಮೇಲೆ ಪ್ರತಿ ವರ್ಷವೂ ನಾನೇ ಬಿಟ್ಟೆ."

ವರ್ಷಕ್ಕೊಮ್ಮೆ ಅವಳು ಮುಖ ಕಪ್ಪಿಟ್ಟು, ಮೀನಿನ ವಾಸನೆ ಹೊತ್ತು ಮನೆಗೆ ಬರುತ್ತಿದ್ದುದು ಮೇಷ್ಟ್ರಿಗೆ ನೆನಪಿತ್ತು. ಸಂಸ್ಥೆಯದೇ ದೋಣಿ ಇರಬೇಕು ಎಂದುಕೊಂಡಿದ್ದರು.

"ನನಗೆ ಹೇಳ್ಲೇ ಇಲ್ಲ ಅವಳು."

"ಹೇಳ್ಬೇಡ ಅಂದಿದ್ದೇ ನಾನು. ನಿನ್ನ ಮೇಲಿನ ಸಿಟ್ಟು ಇಳಿದಿರಲಿಲ್ಲ."

"ಅವಳ ಮೇಲಿಂದು ಇಳಿದಿತ್ತಾ?"

"ಎಲ್ಲಿ ಬಂತು? ಹೋಗ್ತಾ ಜಗಳ, ಬರ್ತಾ ಜಗಳ. ಆದ್ರೆ ಅವಳು ಜಗಳಕ್ಕಾದ್ರೂ ಬರ್ತಿದ್ದಳು. ನೀನು ಬರಲಿಲ್ಲ."

ಮೇಷ್ಟ್ರಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಬಂತು. ಅಂಥ ದಿನ ಅಂಥದು ಬಂದದ್ದಕ್ಕೆ ನಾಚಿಕೆಯೂ ಆಯಿತು.

"ಪರೀಕ್ಷೆ ಮುಗಿದ ಮೇಲೆ ಫೋನ್ ಮಾಡೋಳು," ಅಣ್ಣ ಮುಂದುವರಿಸಿದ. "'ಮೀನು ತಿನ್ನೋಕೆ ಇನ್ನೂ ಆಗಲ್ಲ, ಭಾವ.' ಪ್ರತಿ ವರ್ಷ ಅದೇ ರಾಗ. ನಾನು ಬೈಯೋದು, ಅವಳು ಕೇಳಿಸ್ಕೊಳ್ಳೋದು. ಹೋದ ವರ್ಷ ಮಾತ್ರ, 'ಈ ಸಲ ಆಗತ್ತೆ, ಭಾವ' ಅಂದಳು. ಅಷ್ಟೇ. ಬೈಯೋಕೆ ಬಾಯಿ ತೆರೆದಿದ್ದೆ, ಹಾಗೇ ನಿಂತ್ಹೋಯ್ತು. ಮಾರನೇ ದಿನವೇ ಮಗನ ಕೈಗೆ ಬಲೆ ಕೊಟ್ಟೆ."

ಮಗಳು ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟಳು. "ದೊಡ್ಡಪ್ಪನ ಜೊತೆ ಹೋಗಿ ಬಾಪ್ಪ. ನಾನು ನಾಳೆ ಬರ್ತೀನಿ."

"ಏಳು," ಎಂದ ಅಣ್ಣ. "ಒಬ್ಬನೇ ಕೂತು ಗೋಡೆ ನೋಡ್ತೀಯಾ?"

*

ಕೆರೆಯ ಪಕ್ಕದ ಮನೆಗೆ ಬರುವಾಗ ಹೊತ್ತು ಇಳಿಯುತ್ತಿತ್ತು. ಅಣ್ಣನ ಮಗ ಬಲೆ ಒಗೆದು ಒಣಹಾಕುತ್ತಿದ್ದ. ತುಂಬು ಬಸುರಿ ಸೊಸೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಮೇಷ್ಟ್ರನ್ನು ಕಂಡು ಏಳಲು ಹೋದವಳನ್ನು ಅಣ್ಣ ಗದರಿಸಿ ಕೂರಿಸಿದ. ಒಳಗೆ ಹೋಗಿ ಕೈತೊಳೆದು ಬಂದು, ತಾನೇ ಎಲ್ಲರಿಗೂ ಬಡಿಸಿದ. ಬಾಣಲೆಯಲ್ಲಿದ್ದ ಕೆರೆ ಮೀನಿನ ದೊಡ್ಡ ತುಂಡನ್ನು ಸೊಸೆಯ ತಟ್ಟೆಗೆ ಹಾಕಿದ.

"ಸಾಕು ಮಾವ. ನಿಮಗೆಲ್ಲಿ ಉಳಿಯತ್ತೆ?"

"ಬಾಯಿ ಮುಚ್ಕೊಂಡು ತಿನ್ನು."

ಮೇಷ್ಟ್ರು ತಮ್ಮ ತಟ್ಟೆ ಮುಟ್ಟದೆ ನೋಡುತ್ತ ಕೂತರು. ಉಪ್ಪು ಸ್ವಲ್ಪ ಜಾಸ್ತಿಯಾಯಿತು ಎಂದು ಗೊಣಗುತ್ತ, ಸೊಸೆ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ಬೆರಳು ಚೀಪಿ, ಇನ್ನೊಂದು ತುಂಡಿಗೆ ಕೈಚಾಚಿದಳು.