ಲೀಲಾಧರಣ್ಣನ ಲೈಟರು

ಲೈಟರು ಹೊತ್ತದೆ ಹೋದ ದಿನ ಅಬ್ಬಿ ಊಟ ಬಿಟ್ಟಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಅಮ್ಮನನ್ನು ನಾವು ಅಬ್ಬಿ ಎಂದೇ ಕರೆಯುವುದು. ಲೈಟರು ನಮ್ಮ ಲೀಲಾಧರಣ್ಣನದು. ಅಣ್ಣ ಮಿಲಿಟ್ರಿ ಸೇರಿದ್ದ. ಬರ್ಮಾ ಕಡೆ ಹೋಗುವ ಮೊದಲು ರಜೆಯ ಮೇಲೆ ನಮ್ಮೂರು ನಾವುಂದಕ್ಕೆ ಬಂದವನು, ಯಾವನೋ ಬಿಳಿ ಸಿಪಾಯಿಯಿಂದ ಕೊಂಡಿದ್ದ ಆ ಪೆಟ್ರೋಲ್ ಲೈಟರನ್ನು ಅಬ್ಬಿಯ ಕೈಗಿಟ್ಟ. ಯುದ್ಧದ ಕಾಲ. ಬೆಂಕಿಪೆಟ್ಟಿಗೆ ಸಿಗುವುದೇ ಕಷ್ಟ, ಸಿಕ್ಕಿದರೂ ಕಡಲ ಗಾಳಿಗೆ ತಂಡಿ ಹಿಡಿದು ಕಡ್ಡಿಯ ತಲೆ ಉದುರುತ್ತಿತ್ತು. ಹೊರಡುವಾಗ ಅಣ್ಣ ತಮಾಷೆಗೆ ಹೇಳಿದ್ದ, "ಇದ್ ಹೊತ್ತುವಲ್ಲಿವರೆಗ್ ನಾನ್ ಸಮ ಇದ್ದೆ ಅಂದ್ಹೇಳಿ ತಿಳ್ಕೊ ಅಬ್ಬಿ."

ಹೇಳಿದವನಿಗೆ ಬುದ್ಧಿ ಬೇಡವೇ? ಅಬ್ಬಿ ಆ ಮಾತನ್ನು ವೇದವಾಕ್ಯ ಮಾಡಿಕೊಂಡಳು. ಮುಸ್ಸಂಜೆ ದೇವರ ದೀಪಕ್ಕೆ ಆ ಲೈಟರಿನದೇ ಬೆಂಕಿ. ಅದು ಹೊತ್ತಿತೆಂದರೆ ಮಗ ಕ್ಷೇಮ, ಆಮೇಲೆ ಊಟ. ಹಾಗೆ ನಡೆಯುತ್ತಿದ್ದದ್ದು ಮಾಗಿಯ ಚಳಿಯಲ್ಲಿ ಒಂದು ಸಂಜೆ ನಿಂತುಹೋಯಿತು. ನೆರೆಮನೆಯ ಜಲಜಕ್ಕ ಬೇರೆ ಬಂದು, "ಬೆಂಕಿ ಮುನಿದ್ರೆ ಒಳ್ಳೇದಲ್ಲ ಚಂದ್ರಮತಿ," ಎಂದು ಉರಿಯುವ ಗಾಯಕ್ಕೆ ಉಪ್ಪು ಸವರಿ ಹೋದಳು. ಅಬ್ಬಿ ಗೋಡೆ ಕಡೆ ತಿರುಗಿ ಮಲಗಿದಳು. ಮರುದಿನ ಗಂಜಿಯನ್ನೂ ಮುಟ್ಟಲಿಲ್ಲ.

"ಕೊಡ್ ಇಲ್ಲಿ," ಎಂದು ಲೈಟರು ಕಿತ್ತುಕೊಂಡು ಜಗಲಿಯಲ್ಲಿ ಕೂತೆ. ಅಣ್ಣ ರಜೆಯಲ್ಲಿದ್ದಾಗ ಅದನ್ನು ಬಿಚ್ಚಿ ಒರೆಸುವುದನ್ನು ಎದುರು ಕೂತು ನೋಡಿದ್ದೆ. ಕಣ್ಣಿಂದ ನೋಡಿದ ಕೆಲಸ ನನ್ನ ಕೈಗೆ ಬಾರದೆ ಹೋದದ್ದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ಗಾಲಿ ತಿರುಗಿಸಿದೆ. ಚರ್ ಎಂದು ಕಿಡಿ ಹಾರಿತು. ಕಿಡಿ ಬಂತೆಂದರೆ ಗಾಲಿಗೆ ಉಜ್ಜುವ ಕಲ್ಲು ಸರಿ ಇದೆ, ದೋಷವಿರುವುದು ಹೊಟ್ಟೆಯಲ್ಲಿ. ಹೊರಗಿನ ಕವಚದಿಂದ ಒಳಡಬ್ಬಿ ಎಳೆದು, ಸೇಫ್ಟಿ ಪಿನ್ನಿನಲ್ಲಿ ಅದರೊಳಗೆ ತುಂಬಿದ್ದ ಹತ್ತಿ ಮೀಟಿದೆ. ಪೆಟ್ರೋಲಿನ ವಾಸನೆ ಬರಲಿಲ್ಲ. ಹತ್ತಿಯ ಮೇಲೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಮೂಸಿದರೆ ನನ್ನ ತಲೆಗೂದಲಿನದೇ ವಾಸನೆ.

"ಅಬ್ಬಿ, ಇದಕ್ಕ್ ತೆಂಗಿನೆಣ್ಣಿ ಹೊಯ್ದದ್ದ್ ಯಾರ್?"

ಅಬ್ಬಿ ಎದ್ದು ಕೂತಳು. "ಮತ್ತೆಂತ ಮಾಡುದ್? ಆ ಪೆಟ್ರೋಲ್ ನಾತಕ್ಕ್ ನಂಗೇ ತಲಿ ತಿರಗತ್ತ್. ದೇವ್ರ ದೀಪಕ್ಕ್ ಹಚ್ಚು ಬೆಂಕಿ ಅಲ್ದಾ? ನಮ್ಮನಿ ಕಾಯಿದೇ ಎಣ್ಣಿ, ಗಾಣದ್ದ್, ಶುದ್ಧದ್ದ್."

ನಗು ಬಂತು, ಪಾಪ ಎನಿಸಿತು, ಸಿಟ್ಟೂ ಇಳಿಯಲಿಲ್ಲ. "ದೇವ್ರ ಎಣ್ಣಿ ದೇವ್ರಿಗ್ ಹೊಯ್ಯ್. ಇದಕ್ಕ್ ಇದ್ರ ಊಟವೇ ಬೇಕ್," ಎಂದು ಪೆಟ್ರೋಲ್ ತರಲು ರಸ್ತೆಗೆ ಹೋದೆ.

ಆಗ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತ ಓಡುತ್ತಿದ್ದವು. ಸ್ಟಾರ್ಟ್ ಮಾಡಲು ಮಾತ್ರ ಡ್ರೈವರ್ ಪ್ರೇಮಾನಂದಣ್ಣ ಸೀಟಿನಡಿ ಒಂದು ಬಾಟಲಿ ಪೆಟ್ರೋಲ್ ಇಟ್ಟುಕೊಳ್ಳುತ್ತಿದ್ದ. ಕೇಳಿದ್ದಕ್ಕೆ, "ರೇಷನ್ ಮಾರಾಯ್ತಿ, ತೊಟ್ಟೂ ಕೊಡುಕಾತಿಲ್ಲೆ," ಎಂದ.

"ನಿಮ್ ಬಸ್ ಬಿಸಿಯಾಯ್ ನಿಂತಾಗೆಲ್ಲ ಕೊಡಪಾನ ತುಂಬ ನೀರ್ ತಂದ್ ಕೊಡುದ್ ಯಾರ್ ಹ್ವಾಯ್? ನಾಳಿಂದ ಕಡ್ಲ್ ನೀರ್ ಹೊಯ್ಕಣಿ."

ಪ್ರೇಮಾನಂದಣ್ಣ ಸೀಟಿನಡಿಯಿಂದ ಬಾಟಲಿ ತೆಗೆದು ನನ್ನ ಸಣ್ಣ ಶೀಶೆ ತುಂಬಿಸಿಕೊಟ್ಟ.

ಎಣ್ಣೆ ಹತ್ತಿಯನ್ನೆಲ್ಲ ಕಿತ್ತು ಬಿಸಾಡಿದೆ. ಡಬ್ಬಿಯ ತಳದಲ್ಲಿ, ಹತ್ತಿಯ ಅಡಿಯಲ್ಲಿ, ಕಾಗದದ ಚೂರಿನಲ್ಲಿ ಸುತ್ತಿದ ಪುಟ್ಟದೊಂದು ಕಲ್ಲು ಸಿಕ್ಕಿತು. ಈಗಿನದು ಸವೆದರೆ ಇರಲಿ ಎಂದು ಅಣ್ಣ ಅಡಗಿಸಿಟ್ಟದ್ದು. ಅದನ್ನು ಅಂಗೈಯಲ್ಲಿಟ್ಟು ಅಬ್ಬಿಗೆ ತೋರಿಸಿದೆ. ಮಗನೇ ಸಿಕ್ಕಿದ ಹಾಗೆ ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಡಬ್ಬಿಯನ್ನೂ ಬತ್ತಿಯನ್ನೂ ಪೆಟ್ರೋಲಿನಲ್ಲಿ ತೊಳೆದೆ. ಬತ್ತಿಯ ಕರಕಲಾದ ತುದಿ ಕತ್ತರಿಸಿ ಒಂದಿಷ್ಟು ಮೇಲಕ್ಕೆಳೆದೆ. ಅಬ್ಬಿ ದೀಪದ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯನ್ನೇ ಸಡಿಲವಾಗಿ ತುಂಬಿ, ಅದು ನೆನೆಯುವಷ್ಟು ಪೆಟ್ರೋಲ್ ಹನಿಸಿ, ಹೊರಗೆ ಚೆಲ್ಲಿದ್ದನ್ನು ಒರೆಸಿ ಆರಲು ಬಿಟ್ಟೆ. ಕೈ ತೊಳೆದು ಬಂದು ಗಾಲಿ ತಿರುಗಿಸಿದೆ. ಹೊತ್ತಿತು. ಅಬ್ಬಿ ಬಟ್ಟಲು ತುಂಬ ಗಂಜಿ ಉಂಡಳು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಬಾರ್ಕೂರಿನ ಗಂಡಿನ ಜೊತೆ ನನ್ನ ಮದುವೆ ನಿಶ್ಚಯವಾಗಿತ್ತು. ಪೆಟ್ರೋಲ್ ಎಂಬುದು ಹೊತ್ತಿಸದಿದ್ದರೂ ಇದ್ದಲ್ಲೇ ಆರಿಹೋಗುತ್ತದೆ. ನಾನು ಗಂಡನ ಮನೆಗೆ ಹೋದ ಮೇಲೆ ಅದು ಆರಿದಾಗಲೆಲ್ಲ ಜಲಜಕ್ಕ ಬಂದು ಮಗನ ಆಯುಷ್ಯ ಅಳೆಯುತ್ತ ಕೂತರೆ ಅಬ್ಬಿ ಬದುಕಿ ಉಳಿದಾಳೆಯೇ? ಮಾಡಿದ್ದನ್ನೆಲ್ಲ ಮತ್ತೆ ಬಿಚ್ಚಿ ಅವಳ ಮುಂದೆ ಹರವಿದೆ.

"ಈಗ ನೀನ್ ಮಾಡ್."

"ನಂಗ್ ಇದೆಲ್ಲ ಮಾಡುಕ್ ಬತ್ತಿಲ್ಲೆ ಹೆಣ್ಣೇ."

"ಬತ್ತ್. ಮೊದ್ಲ್ ಕಿಡಿ ಇತ್ತಾ ಕಾಣ್. ಇದ್ರೆ ಪೆಟ್ರೋಲ್ ಕಾಣ್, ಬತ್ತಿ ಕಾಣ್. ಇಲ್ದಿರೆ ಅಡಿ ತಿರುಪ್ ತೆಗ್ದ್ ಕಲ್ ಕಾಣ್. ಎಲ್ಲ ಕಂಡ್ ಆದ್ಮೇಲೂ ಅಳು ಬಂದ್ರೆ, ಆಗ ಅಳ್ಲಕ್ಕ್."

ಸುಲಭವಾಗಲಿಲ್ಲ. ಗಾಲಿಯ ಹಲ್ಲಿಗೆ ಅಬ್ಬಿಯ ಹೆಬ್ಬೆರಳು ತರಚಿಹೋಯಿತು, ತಿರುಪು ತೆಗೆದಾಗ ಸ್ಪ್ರಿಂಗು ಚಿಮ್ಮಿ ಒನಕೆಯ ಹಿಂದೆ ಬಿತ್ತು. ನಾನು ಬಯ್ದೆ, ಅವಳೂ ಬಯ್ದಳು. ನನ್ನ ಮದುವೆಯ ಹೊತ್ತಿಗೆ ಅಬ್ಬಿ ಮಾತಾಡುತ್ತಲೇ ಲೈಟರು ಬಿಚ್ಚಿ ಕಟ್ಟುವವಳಾಗಿದ್ದಳು. ಜಲಜಕ್ಕ ಮತ್ತೊಮ್ಮೆ ಶಕುನ ಹೇಳಲು ಬಂದಾಗ, "ಕಲ್ ಸವ್ದದ್ದ್ ಜಲಜ, ನನ್ ಮಾಣಿ ಸವಿಲಿಲ್ಲೆ," ಎಂದಳಂತೆ. ಕೇಳಿ ನನಗೆ ಹೊಟ್ಟೆ ತುಂಬಿತು.

ಯುದ್ಧ ಮುಗಿಯಿತು. ಮರುವರ್ಷ ಹೊಸ್ತಿಗೆ, ಹೊಸ ಅಕ್ಕಿಯ ಊಟಕ್ಕೆಂದು ನಾನು ತವರಿಗೆ ಬಂದಿದ್ದಾಗ, ಮುಸ್ಸಂಜೆಯ ಬಸ್ಸಿನಿಂದ ಅಣ್ಣ ಇಳಿದ. ಬಡಕಲಾಗಿದ್ದ, ಆದರೆ ಅದೇ ನಗು. ಬಲಗೈಯ ಮೇಲೆ ಬೈರಾಸು ಇಳಿಬಿಟ್ಟುಕೊಂಡಿದ್ದ. ಪ್ರಯಾಣದ ಸೆಕೆಗೆ ಒರೆಸಿಕೊಳ್ಳಲು ಇರಬೇಕು ಎಂದುಕೊಂಡೆ. ಅಬ್ಬಿ ಅವನ ಮುಖ ತಡವಿದಳು. ಆಮೇಲೆ ಲೈಟರು ತಂದು ಕೊಟ್ಟಳು.

"ಇವತ್ತ್ ದೀಪ ನೀನೇ ಹಚ್ಚ್ ಮಗಾ."

ಅಣ್ಣ ಎಡಗೈಯಲ್ಲಿ ಹಿಡಿದು ಗಾಲಿ ತಿರುಗಿಸಿದ. ಬೆರಳು ಜಾರಿತು. ಮತ್ತೆ ತಿರುಗಿಸಿದ, ಮತ್ತೆ ಜಾರಿತು. "ಇದ್ ಹಾಳಾಯ್ತ್ ಅಬ್ಬಿ. ಬಿಸಾಕ್. ಹೊಸದೊಂದ್ ತರುವ," ಎಂದ.

"ಕುಣಿಯೋಕ್ ಬಾರ್ದವ ನೆಲ ಡೊಂಕ್ ಅಂದ್ನಂಬ್ರ್," ಎಂದು ನಾನು ನಕ್ಕೆ.

ಅಬ್ಬಿ ನಗಲಿಲ್ಲ. ಲೈಟರು ಇಸಿದುಕೊಂಡು ಒಳಡಬ್ಬಿ ಎಳೆದು ಮೂಸಿದಳು. ಪೆಟ್ರೋಲ್ ಇತ್ತು. ಬತ್ತಿ ಮುಟ್ಟಿ ನೋಡಿದಳು, ಒದ್ದೆಯಿತ್ತು. ಅಡಿಯ ತಿರುಪು ತೆಗೆದು ಕಲ್ಲು ನೋಡಿದಳು. ಅವನೇ ಅಡಗಿಸಿಟ್ಟಿದ್ದ ಕಲ್ಲು ಅದು, ಇನ್ನೂ ಅರ್ಧವೂ ಸವೆದಿರಲಿಲ್ಲ. ಸಾವಕಾಶವಾಗಿ ಎಲ್ಲವನ್ನೂ ಜೋಡಿಸಿ ತಲೆಯೆತ್ತಿದಳು.

"ಇದ್ರಗ್ ಎಂತದೂ ದೋಷ ಇಲ್ಲೆ. ನಿನ್ ಬಲ್ಗೈ ತೋರ್ಸ್."

ಅಣ್ಣ ಕದಲಲಿಲ್ಲ. ಅಬ್ಬಿಯೇ ಬೈರಾಸು ಸರಿಸಿದಳು. ಹೆಬ್ಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ.

ಆ ಗಾದೆ ಹೇಳಿದ ನನ್ನ ನಾಲಿಗೆಯನ್ನು ಕಿತ್ತೊಗೆಯುವಷ್ಟು ನಾಚಿಕೆಯಾಯಿತು. ಅಬ್ಬಿ ಅತ್ತಳು. ಆ ಕೈಯನ್ನು ಎದೆಗೊತ್ತಿಕೊಂಡು, ಇಷ್ಟು ವರ್ಷ ಅಳದೆ ಉಳಿಸಿದ್ದನ್ನೆಲ್ಲ ಅತ್ತಳು. ಬಾಯಿ ಮಾಡುವ ನಾನೂ ಅತ್ತೆ. ಅಣ್ಣ ಮಾತ್ರ, "ಸಮ ಇದ್ದೆ ಅಬ್ಬಿ, ಸಮ ಇದ್ದೆ," ಎನ್ನುತ್ತಲೇ ಇದ್ದ.

ಹೊರಗೆ ಕತ್ತಲಾಗುತ್ತ ಬಂತು. ಅಬ್ಬಿ ಸೆರಗಿನಿಂದ ಮುಖ ಒರೆಸಿಕೊಂಡು, ಅಣ್ಣನ ಎಡಗೈಯಲ್ಲಿ ಲೈಟರು ಇಟ್ಟು, ಅವನ ಹೆಬ್ಬೆರಳನ್ನು ಗಾಲಿಯ ಮೇಲೆ ಕೂರಿಸಿದಳು. ಅದರ ಮೇಲೆ ತನ್ನ ಹೆಬ್ಬೆರಳು ಒತ್ತಿದಳು.

"ಜೋರ್ ಬೇಡ, ಒಂದೇ ಸರ್ತಿ ತಿರಗ್ಸ್. ಈ ವಯಸ್ಸಂಗೆ ನಾನೇ ಕಲ್ತೆ. ನಿಂಗ್ ಕಲಿಯುಕಾತಿಲ್ಯಾ?"