ಹನ್ನೆರಡು ವಾಲ್ವುಗಳ ಕಡತ

ಈ ಸಂಗತಿಯನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಅಣುವಿಜ್ಞಾನ ಬಲ್ಲವರು, ಸರ್ಕಾರದ ಕಾನೂನು ಬಲ್ಲವರು ಇದನ್ನು ಇನ್ನೂ ಚೆನ್ನಾಗಿ ಹೇಳಿಯಾರು. ಅವರು ಯಾರೂ ಹೇಳಲಿಲ್ಲ. ತಪ್ಪು ಕಂಡರೆ ತಿದ್ದಿಕೊಂಡು ಓದಬೇಕು.

ಅವಳು ಕೆಲಸ ಮಾಡುತ್ತಿದ್ದ ಕಚೇರಿ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ದೇಶದ ಯಾವ ಕಾರ್ಖಾನೆಯೇ ಆಗಲಿ, ಅಣುಸ್ಥಾವರಕ್ಕೆ ಬೇಕಾಗುವ ಪಂಪು, ಕೊಳವೆ, ವಾಲ್ವು, ಏನನ್ನು ಹೊರದೇಶಕ್ಕೆ ಮಾರಬೇಕಿದ್ದರೂ ಆ ಕಚೇರಿಯ ಅನುಮತಿ ಬೇಕು. ವಿದ್ಯುತ್ತಿಗೆಂದೋ ಔಷಧಿಗೆಂದೋ ಹೋದ ಸಾಮಾನು ಬಾಂಬಿನ ಕೆಲಸಕ್ಕೆ ತಿರುಗದಂತೆ ನೋಡಿಕೊಳ್ಳುವುದು ಅಲ್ಲಿನವರ ಹೊಣೆ. ಅರ್ಜಿಯ ಕಡತ ಮೊದಲು ಬರುವುದು ಪರಿಶೀಲಕರ ಮೇಜಿಗೆ. ಇದ್ದ ಇಬ್ಬರು ಪರಿಶೀಲಕರಲ್ಲಿ ಅವಳೊಬ್ಬಳು. ಹಗಲು ಟೈಪಿಸ್ಟಾಗಿ ದುಡಿದು, ಸಂಜೆ ತರಗತಿಯಲ್ಲಿ ಯಂತ್ರಶಾಸ್ತ್ರ ಓದಿ ಆ ಕುರ್ಚಿಗೆ ಬಂದವಳು. ಅದಕ್ಕೇ ಇರಬೇಕು, ಗೊತ್ತಿರುವುದನ್ನೂ ಎರಡು ಸಲ ನೋಡುವಳು. ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಹೋಗಿ ಬೀಗ ಜಗ್ಗಿ ನೋಡುವಳು. ಕಚೇರಿಯವರು ಅವಳಿಗೆ ‘ಪ್ರಶ್ನಕ್ಕ’ ಎಂದು ಹೆಸರಿಟ್ಟಿದ್ದರು.

ಅಲ್ಲೊಂದು ಪದ್ಧತಿ. ಪ್ರಶ್ನೆ ಎದ್ದ ಕಡತಕ್ಕೆ ನೀಲಿ ಹಾಳೆ ಅಂಟಿಸಿ ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಡಬೇಕು. ಉತ್ತರ ಬರುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ.

ಒಂದು ದಿನ ಹನ್ನೆರಡು ವಾಲ್ವುಗಳ ಕಡತ ಬಂತು. ಹೋಗಬೇಕಾದದ್ದು ಇನ್ನೊಂದು ದೇಶದ ಸಣ್ಣ ರಿಯಾಕ್ಟರಿಗೆ. ಆಸ್ಪತ್ರೆಗಳಿಗೆ ಬೇಕಾದ ಔಷಧಿಯ ಮೂಲವಸ್ತು ತಯಾರಿಸುವ ರಿಯಾಕ್ಟರು ಅದು. ನಕ್ಷೆಯಲ್ಲಿ ವಾಲ್ವು ಕೂರುವ ಜಾಗ ಎಣಿಸಿದಳು. ಎಂಟು. ಮತ್ತೆ ಎಣಿಸಿದಳು. ಎಂಟೇ. ಹಾಗಾದರೆ ಇನ್ನು ನಾಲ್ಕು ಯಾಕೆ? ನೀಲಿ ಹಾಳೆ ಅಂಟಿಸಿದಳು. ಆರು ವಾರ ಕಳೆದ ಮೇಲೆ ಉತ್ತರ ಬಂತು: ನಾಲ್ಕು ಮುಂದೆ ಬೇಕಾದೀತೆಂದು ಇಟ್ಟುಕೊಳ್ಳಲು. ಉತ್ತರ ಸರಿಯಾಗಿಯೇ ಇತ್ತು.

ಅದೇ ವಾರ ತಂಗಿಯ ಫೋನು ಬಂತು. ಅವಳಿಗಿಂತ ಆರು ವರ್ಷ ಚಿಕ್ಕವಳು. ಮದುವೆಯಾಗಿ, ವಾಲ್ವು ಹೋಗಬೇಕಿದ್ದ ಆ ದೇಶದಲ್ಲೇ ಇದ್ದಳು. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

“ಅಕ್ಕಾ, ಕುತ್ತಿಗೇಲಿ ಗೋಲಿಯಂಥ ಗಂಟು ಎದ್ದಿದೆ ಅಂದಿದ್ನಲ್ಲ, ತೆಗೆಸಿಬಿಟ್ಟೆ ಕಣೇ.”

“ತೆಗೆಸಿದ್ಯಾ? ಯಾವಾಗ? ನನಗೊಂದು ಮಾತು ಹೇಳ್ಬಾರ್ದಾ?”

“ಹೇಳಿದ್ರೆ ನೀನು ಫೋನಲ್ಲೇ ಡಾಕ್ಟರನ್ನ ಪರೀಕ್ಷೆಗೆ ಕೂರಿಸ್ತಿದ್ದೆ. ಪಾಪ, ಚಾಕು ಬಿಟ್ಟು ಓಡಿಹೋಗ್ತಿದ್ರು.”

“ತಮಾಷೆ ಸಾಕು. ಏನಂದ್ರು?”

“ಒಳ್ಳೇ ಗೋಲಿ ಅಲ್ಲ ಅಂದ್ರು. ಸ್ವಲ್ಪ ಬೇರು ಉಳ್ಕೊಂಡಿದೆಯಂತೆ. ಅದನ್ನ ಸುಡೋಕೆ ಔಷಧಿ ಇದೆ, ಒಂದು ಲೋಟ ಕುಡಿದ್ರೆ ಆಯ್ತಂತೆ. ಆದ್ರೆ ಅದನ್ನ ಮಾಡೋ ರಿಯಾಕ್ಟರು ಕೆಟ್ಟು ಕೂತಿದೆ. ಹೊರಗಿನಿಂದ ತರಿಸೋ ಚೂರುಪಾರು ನಮ್ಮಂಥವರ ತನಕ ಬರಲ್ಲ. ವಾಲ್ವೋ ಏನೋ ಬೇರೆ ದೇಶದಿಂದ ಬರಬೇಕಂತೆ... ಅಕ್ಕಾ? ಇದ್ದೀಯಾ?”

“ಇದ್ದೀನಿ” ಎಂದಳು. ಅಕ್ಕ ಕೆಲಸ ಮಾಡುವುದು ಯಾವುದೋ ಪರವಾನಗಿ ಕಚೇರಿಯಲ್ಲಿ ಎಂಬುದಷ್ಟೇ ತಂಗಿಗೆ ಗೊತ್ತಿತ್ತು. ಕಡತದ ಒಂದಕ್ಷರವೂ ಹೊರಗೆ ಹೋಗಕೂಡದು, ಹೋದರೆ ಕೆಲಸ ಹೋಗುವುದಲ್ಲದೆ ಜೈಲೂ ಆಗಬಹುದು ಎಂಬ ಕಾಗದಕ್ಕೆ ಅವಳು ಪ್ರತಿ ವರ್ಷ ಸಹಿ ಹಾಕುತ್ತಿದ್ದಳು.

ಇನ್ನೊಂದು ನಿಯಮವಿತ್ತು. ಕಡತದ ವಿಷಯಕ್ಕೆ ತನ್ನ ಬಂಧುಗಳ ನಂಟು ಕಂಡುಬಂದರೆ ಪರಿಶೀಲಕರು ಅದನ್ನು ಬರೆದುಕೊಟ್ಟು ಕಡತ ಬಿಟ್ಟುಕೊಡಬೇಕು. ಇನ್ನೊಬ್ಬರು ಅದನ್ನು ಯಾರೂ ಓದೇ ಇಲ್ಲವೆಂಬಂತೆ ಮೊದಲ ಪುಟದಿಂದ ಶುರುಮಾಡಬೇಕು. ಮರುದಿನ ಬೆಳಿಗ್ಗೆ ಅವಳು ಮೇಲಧಿಕಾರಿಯ ಕೋಣೆಗೆ ಹೋಗಿ ನಿಂತಳು. ಅವರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮೃದು ಮನುಷ್ಯ.

“ಸಾರ್, ಆ ವಾಲ್ವಿನ ಕಡತ... ನನ್ನ ತಂಗಿ...”

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಪೆನ್ನಿನ ಮುಚ್ಚಳ ಹಾಕಿದರು.

“ನೋಡಮ್ಮ, ನನಗೆ ಈಚೆಗೆ ಕಿವಿ ಸ್ವಲ್ಪ ಮಂದ. ನೀನು ಹೇಳಿದ್ದು ಸರಿಯಾಗಿ ಕೇಳಿಸ್ಲಿಲ್ಲ. ನಾನು ಟೀ ಕುಡಿದು ಬರ್ತೀನಿ. ಬರೋ ಹೊತ್ತಿಗೆ ಮೇಜಿನ ಮೇಲೆ ಏನಿರುತ್ತೋ ಅದಕ್ಕೆ ಸಹಿ ಹಾಕ್ತೀನಿ.”

ಕೋಣೆಯಲ್ಲಿ ಒಬ್ಬಳೇ ಉಳಿದಳು. ‘ಒಪ್ಪಬಹುದು’ ಎಂದು ಬರೆದರೆ ಆ ವಾರವೇ ವಾಲ್ವುಗಳು ಹೊರಡುತ್ತವೆ. ಉತ್ತರ ಸರಿಯಾಗಿದೆ ಎಂದು ನಿನ್ನೆ ಮಧ್ಯಾಹ್ನ ಅವಳಿಗೆ ಅನ್ನಿಸಿತ್ತು. ಅದು ಫೋನು ಬರುವುದಕ್ಕೆ ಮೊದಲು. ಈಗ ಓದಿದರೂ ಹಾಗೇ ಅನ್ನಿಸುತ್ತಿತ್ತು. ಆದರೆ ಈಗ ಹಾಗೆ ಅನ್ನಿಸುತ್ತಿರುವುದು ಕಡತ ನೋಡಿಯೋ ತಂಗಿಯ ಮುಖ ನೋಡಿಯೋ ಎಂದು ಅವಳಿಗೆ ತಿಳಿಯಲಿಲ್ಲ. ಆ ನಾಲ್ಕು ವಾಲ್ವುಗಳು ಎಲ್ಲಾದರೂ ಬೇರೆ ಕಡೆ ಹೋದರೆ? ಬಂಧುತ್ವದ ಕಾಗದವನ್ನೇ ಬರೆದಿಟ್ಟಳು.

ಅಧಿಕಾರಿ ಬಂದು ಓದಿ, “ನೀನು ಹೀಗೇ ಮಾಡ್ತೀಯ ಅಂತ ಗೊತ್ತಿತ್ತು ಬಿಡು” ಎಂದರು. ಹೊಗಳಿದ್ದೋ ಮರುಗಿದ್ದೋ ತಿಳಿಯಲಿಲ್ಲ.

ಕಡತ ಎರಡು ಮೇಜಿನಾಚೆ ಕುಳಿತಿದ್ದ ಇನ್ನೊಬ್ಬ ಪರಿಶೀಲಕರಿಗೆ ಹೋಯಿತು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಕನ್ನಡಕ’ ಎಂದು. ಹದಿನೈದು ದಿನ ಕಳೆದ ಮೇಲೆ, ಕಿಟಕಿಯ ಕಪಾಟಿನಲ್ಲಿ ಆ ಕಡತ ನೀಲಿ ಹಾಳೆ ಹೊತ್ತು ಕೂತಿರುವುದನ್ನು ಅವಳು ಕಂಡಳು. ಕುಡಿಯುವ ನೀರಿನ ಹತ್ತಿರ ಕನ್ನಡಕ ಸಿಕ್ಕಿದರು. ಲೋಟ ತುಂಬಿ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ.

“ಕೇಳ್ಬೇಡಿ ಪ್ರಶ್ನಕ್ಕ. ನೀವು ಕೇಳಿದ್ರೆ ನಾನು ಹೇಳಿಬಿಡ್ತೀನಿ.”

“ಒಂದೇ ಮಾತು. ಉತ್ತರ ಯಾರು ಕೊಡಬೇಕು?”

“ಆ ಕಡೆ ಸರ್ಕಾರ. ಬರೆಯಬೇಕಾದ್ದು ಈ ಕಡೆ ಸರ್ಕಾರ.”

ಅಷ್ಟು ಸಾಕಿತ್ತು. ಎರಡು ಸರ್ಕಾರಗಳ ನಡುವೆ ಕಾಗದ ಓಡಾಡಿದರೆ ಆರು ತಿಂಗಳಿಗೆ ಕಡಿಮೆಯಿಲ್ಲ ಎಂದು ಹನ್ನೊಂದು ವರ್ಷದ ಅನುಭವ ಅವಳಿಗೆ ಹೇಳಿತು.

ಸಂಜೆ ತಂಗಿಗೆ ಫೋನು ಮಾಡಿದಳು. “ಇಲ್ಲಿಗೆ ಬಂದುಬಿಡೇ. ಇಲ್ಲಿನ ಆಸ್ಪತ್ರೆಯಲ್ಲಿ ಆ ಔಷಧಿ ಇದೆ. ವಿಚಾರಿಸಿದ್ದೀನಿ.”

“ಮುಂದಿನ ತಿಂಗಳು ರಿಯಾಕ್ಟರು ಸರಿಹೋಗುತ್ತಂತೆ ಅಕ್ಕ. ಸರದಿಯಲ್ಲಿ ನನ್ನದು ಹನ್ನೊಂದನೇ ಹೆಸರು. ಅಲ್ಲಿಗೆ ಬಂದ್ರೆ ಇಲ್ಲಿ ಹೆಸರು ಹೊಡೆದು ಹಾಕ್ತಾರೆ.”

“ಮುಂದಿನ ತಿಂಗಳು ಆಗದೇ ಇದ್ರೆ?”

“ಯಾಕಾಗಲ್ಲ? ನಿನಗೇನಾದ್ರೂ ಗೊತ್ತಾ?”

ಫೋನಿನ ಆ ಕಡೆ ತಟ್ಟೆಗಳ ಸದ್ದು, ತಂಗಿಯ ಮಗಳು ಏನೋ ಹಾಡಿಕೊಳ್ಳುತ್ತಿರುವುದು ಕೇಳಿಸುತ್ತಿತ್ತು. ‘ಆಗಲ್ಲ, ಕಾಯಬೇಡ’ ಎಂದರೆ ಮುಗಿಯುತ್ತಿತ್ತು. ಆದರೆ ಅವಳು ಹಾಗೆಂದು ತಂಗಿ ಹೊರಟುಬಂದ ಮೇಲೆ ನಾಳೆಯೇ ಅನುಮತಿ ಸಿಕ್ಕಿಬಿಟ್ಟರೆ? ಹನ್ನೊಂದನೆಯ ಜಾಗವೂ ಹೋಗುತ್ತದೆ. ಜೈಲಿನ ಭಯ ಎಷ್ಟು, ತನ್ನ ಅಂದಾಜು ತಪ್ಪೀತೆಂಬ ಭಯ ಎಷ್ಟು, ಅವಳಿಗೇ ಬಿಡಿಸಿ ನೋಡಲಾಗಲಿಲ್ಲ.

“ನನಗೇನು ಗೊತ್ತು? ಸುಮ್ಮನೆ ಅಂದೆ.”

“ಹಾಗಾದ್ರೆ ಸುಮ್ಮನೆ ಹೆದರಿಸ್ಬೇಡ, ಮಾರಾಯ್ತಿ” ಎಂದು ತಂಗಿ ನಕ್ಕಳು.

ಮುಂದಿನ ತಿಂಗಳು ಬಂತು, ಅದರ ಮುಂದಿನದೂ ಬಂತು. ಪ್ರತಿ ಸಲವೂ ಅವಳು ‘ಬಾ’ ಎಂದಳು, ಯಾಕೆಂದು ಹೇಳಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋದೊಡನೆ ಕಣ್ಣು ತಾನಾಗಿ ಕಿಟಕಿಯತ್ತ ಹೋಗುತ್ತಿತ್ತು. ಬಿಸಿಲಿಗೆ ನೀಲಿ ಹಾಳೆ ಬಿಳಿಚಿಕೊಳ್ಳುತ್ತಾ ಬಂತು. ಐದನೆಯ ತಿಂಗಳಲ್ಲಿ ತಂಗಿ ಮಾತಿನ ನಡುವೆ ಕೆಮ್ಮತೊಡಗಿದಳು. ಆರನೆಯ ತಿಂಗಳಲ್ಲಿ ತಂಗಿಯ ಗಂಡನೇ ಫೋನು ತೆಗೆದುಕೊಂಡ.

“ಶ್ವಾಸಕೋಶಕ್ಕೆ ಹೋಗಿದೆಯಂತೆ ಅಕ್ಕ. ಈಗ ಪ್ರಯಾಣ ಬೇಡ ಅಂತಾರೆ.”

ಏಳನೆಯ ತಿಂಗಳು ಅನುಮತಿ ಸಿಕ್ಕಿತು. ಅಧಿಕಾರಿ ತಾವೇ ಅವಳ ಮೇಜಿನ ತನಕ ಬಂದು, “ಹೋಯ್ತಮ್ಮ, ಹನ್ನೆರಡೂ ಹೋಯ್ತು” ಎಂದರು. ವಾಲ್ವು ತಲುಪಿ, ಕೂರಿಸಿ, ರಿಯಾಕ್ಟರು ಶುರುವಾಗುವುದಕ್ಕೆ ಇನ್ನೂ ಒಂಬತ್ತು ವಾರ ಹಿಡಿಯಿತು. ಆರನೆಯ ವಾರಕ್ಕೆ ತಂಗಿ ತೀರಿಕೊಂಡಳು.

ಅವಳು ರಜೆ ಹಾಕಿ ಹೋದಳು. ಐದು ವಾರ ಅಲ್ಲೇ ಉಳಿದಳು. ಮಗುವಿಗೆ ಜಡೆ ಹಾಕಿದಳು, ತಂಗಿಯ ಬಟ್ಟೆ ಮಡಿಸಿಟ್ಟಳು. ಒಂದು ಮಧ್ಯಾಹ್ನ ಫೋನು ಬಂತು. ತಂಗಿಯ ಗಂಡ ಎತ್ತಿಕೊಂಡ. ಆಸ್ಪತ್ರೆಯವರು. ಸರದಿ ಬಂದಿದೆ, ನಾಳೆ ಬೆಳಿಗ್ಗೆ ಏನೂ ತಿನ್ನದೆ ಬರಬೇಕು ಎಂದರು.

ಅವನು “ಮುಂದಿನವರನ್ನ ಕರೀರಿ” ಎಂದು ಫೋನಿಟ್ಟ.

ಆಗ ಅವಳಿಗೆ ಇನ್ನು ತಡೆಯಲಾಗಲಿಲ್ಲ. ಕಡತ, ಎಂಟು ಜಾಗ, ಅಧಿಕಾರಿಯ ಟೀ, ನೀಲಿ ಹಾಳೆ, ಎಲ್ಲವನ್ನೂ ಹೇಳಿಬಿಟ್ಟಳು. ಅವನು ಕೇಳುತ್ತಾ ಕೇಳುತ್ತಾ ನೆಲದ ಮೇಲೆ ಕುಳಿತುಬಿಟ್ಟ.

“ಕಡತ ಬಿಟ್ಟುಕೊಟ್ಟಿದ್ದು ಬಿಡಿ ಅಕ್ಕ, ಅದು ನಿಮ್ಮ ಕೆಲಸ. ಆದ್ರೆ ಆರು ತಿಂಗಳಾಗುತ್ತೆ ಅಂತ ಒಂದು ಮಾತು ನಮಗೆ ಹೇಳಕ್ಕಾಗ್ತಿರ್ಲಿಲ್ವಾ?”

“ಹೇಳಬಹುದಿತ್ತು” ಎಂದಳು.

ಅವನು ಬೈಯಲಿಲ್ಲ. ಎದ್ದು ಮಗುವನ್ನು ಶಾಲೆಯಿಂದ ಕರೆತರಲು ಹೋದ.

ಊರಿಗೆ ಬಂದ ಮೇಲೆ ಅವಳು ತಂಗಿಯ ವರದಿಗಳನ್ನು ಇಬ್ಬರು ವೈದ್ಯರಿಗೆ ತೋರಿಸಿದಳು. ಮೊದಲೇ ಔಷಧಿ ಕೊಟ್ಟಿದ್ದರೆ ಉಳಿಯುತ್ತಿದ್ದಳೇನೋ ಎಂದರು ಒಬ್ಬರು. ಈ ಬಗೆಯ ಗಡ್ಡೆ ಕೆಲವೊಮ್ಮೆ ಆ ಔಷಧಿಗೆ ಬಗ್ಗುವುದೇ ಇಲ್ಲ ಎಂದರು ಇನ್ನೊಬ್ಬರು. ಯಾರು ಹೇಳಿದ್ದು ನಿಜವೋ ಗೊತ್ತಿಲ್ಲ. ಕಾಯಬೇಡ ಎಂದು ಅಕ್ಕ ಬಾಯಿಬಿಟ್ಟು ಹೇಳಿದ್ದರೆ ತಂಗಿ ಆ ಹನ್ನೊಂದನೆಯ ಜಾಗ ಬಿಟ್ಟು ಬರುತ್ತಿದ್ದಳೇ ಎಂಬುದೂ ಗೊತ್ತಿಲ್ಲ.