ವೆಲ್ಡಿಂಗ್ ಹಾಕಿಸಿದ ಮಂಚ

ಗೌತಮಿ ಒಂದನೇ ಕ್ಲಾಸಿನಲ್ಲಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ಆಗ ನಾನು ಬೇರೆಯವರ ಲಾರಿ ಓಡಿಸುತ್ತಿದ್ದೆ. ಹೊಗೆಸೊಪ್ಪಿನ ಬೇಲು ತುಂಬಿಕೊಂಡು ಹರಾಜಿಗೆ ಹೋದರೆ ಲಾರಿಗಳ ಸಾಲು ಕರಗುವ ತನಕ ಅಲ್ಲೇ ಕಾಯಬೇಕು. ಸ್ಕೂಲಿಗೆ ರಜೆ ಇದ್ದರೆ ಮಗಳೂ ಹಟ ಮಾಡಿ ಹತ್ತಿಬಿಡೋಳು. ಹಾಗೆ ಕಾಯುತ್ತಾ ಕೂತಿದ್ದ ಒಂದು ಮಧ್ಯಾಹ್ನ, ಗಾಡಿಗೆ ಏನೂ ತುಂಬಿಕೊಳ್ಳದೆ ಸುಮ್ಮಸುಮ್ಮನೆ ಎಲ್ಲಿಗಾದರೂ ಹೋಗಬಹುದಾ ಅಂತ ಕೇಳಿದಳು.

"ಓಗ್ಬೋದು ಕಣವ್ವ. ನಮ್ದೇ ಅಂತ ಒಂದು ಗಾಡಿ ಆಗ್ಲಿ. ನೀನು ಗಂಡನ ಮನೆಗೆ ಓಗೋದ್ರೊಳಗೆ ನಿಂಗೆ ಸಮುದ್ರ ತೋರಿಸ್ತೀನಿ. ಗಾಡೀಲೇ ಅಡುಗೆ, ಗಾಡೀಲೇ ನಿದ್ದೆ" ಅಂದೆ.

ಮಕ್ಕಳಿಗೆ ಇಂಥ ಮಾತು ಎಷ್ಟು ಹೇಳಿರುತ್ತೀವೋ. ಬೇರೆ ಮಕ್ಕಳು ಮರೆತುಬಿಡುತ್ತವೆ. ಇವಳು ಮರೆಯಲಿಲ್ಲ. ಹೈಸ್ಕೂಲಿಗೆ ಹೋದಳು, ಕಾಲೇಜು ಮುಗಿಸಿದಳು, ಹುಣಸೂರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ವರ್ಷಕ್ಕೊಮ್ಮೆಯಾದರೂ, ಊಟ ಬಡಿಸುವಾಗಲೋ ಬಟ್ಟೆ ಒಗೆಯುವಾಗಲೋ, ಅದೇನಾಯ್ತಪ್ಪ ನಮ್ಮ ಸಮುದ್ರ ಅಂತ ಕೇಳಿಬಿಡೋಳು. ಜಗಳದ ದನಿಯಲ್ಲಲ್ಲ. ಕೇಬಲ್ಲಿನವನು ಬಂದನಾ ಅಂತ ಕೇಳಿದ ಹಾಗೆ.

ಈಗ ನಾನು ಹಾಲಿನ ವ್ಯಾನು ಓಡಿಸುತ್ತೇನೆ. ವೀರನಹೊಸಹಳ್ಳಿ ಕಡೆಯ ಊರುಗಳ ಡೇರಿಗಳಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನು ತುಂಬಿಕೊಂಡು ಬರಬೇಕು. ಹಸು ಭಾನುವಾರ ಅಂತ ಹಾಲು ಕೊಡೋದು ನಿಲ್ಲಿಸುವುದಿಲ್ಲ. ಜ್ವರ ಬಂದರೂ ವ್ಯಾನು ಹತ್ತಿದ್ದೇನೆ, ನಮ್ಮವ್ವ ತೀರಿಕೊಂಡ ದಿನ ಬೆಳಗಿನ ಟ್ರಿಪ್ಪು ಮುಗಿಸಿಯೇ ಮಣ್ಣಿಗೆ ಹೋಗಿದ್ದೇನೆ.

ಹೋದ ವರ್ಷ ಕೆ.ಆರ್. ನಗರದಲ್ಲಿ ಒಂದು ಹಳೇ ಪಿಕಪ್ ಸಿಕ್ಕಿತು. ಭತ್ತ ಹೊತ್ತು ಹೊತ್ತು ಚಾಸಿ ಸೀಳಿ, ಪಟ್ಟಿ ಹಾಕಿ ಜೋಡಿಸಿದ್ದ ಗಾಡಿ. ಲೋಡಿಗೆ ಇನ್ನು ಆಗುವುದಿಲ್ಲ ಅಂತಲೇ ಮಾರುತ್ತಿದ್ದರು. ನನ್ನ ಹೆಂಡತಿ ವಿಮಲನ ತಮ್ಮ ಮಾದೇಶ ಬಿಳಿಕೆರೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಅವನು ಗಾಡಿಯ ಕೆಳಗೆ ತೂರಿ, ಮೈಗೆಲ್ಲ ಗ್ರೀಸು ಬಳಿದುಕೊಂಡು ಹೊರಗೆ ಬಂದು, ಟನ್ನುಗಟ್ಟಲೆ ಹೊರಲ್ಲ ಭಾವ, ಮೂರು ಜನ ಒಂದು ಹಾಸಿಗೆ ಒಂದು ಒಲೆ ಅಂದ್ರೆ ಎಲ್ಲಿಗೆ ಬೇಕಾದರೂ ಹೋಗ್ತದೆ ಅಂದ. ಆ ಮಾತಿಗೇ ತಗೊಂಡೆ.

ತೊಳೆದ ಮೂರನೇ ದಿನ ಹಿಂದಿನ ತಗಡಿನ ಸಂದಿಯಲ್ಲಿ ಭತ್ತದ ಮೊಳಕೆ ಎದ್ದಿತ್ತು. ಗೌತಮಿ ಅದನ್ನ ಕೀಳಲು ಬಿಡದೆ ಫೋಟೋ ತೆಗೆದಳು.

ಆಮೇಲೆ ಸುಮಾರು ತಿಂಗಳು, ಎರಡು ಟ್ರಿಪ್ಪುಗಳ ನಡುವೆ ಸಿಗುವ ಹೊತ್ತಿನಲ್ಲಿ, ಅದೇ ಕೆಲಸ. ಚೌಕದ ಪೈಪಿನಲ್ಲಿ ಮಾದೇಶ ಗೂಡು ಕಟ್ಟಿದ. ಮೇಲೆ ತಗಡು, ಅದರ ಮೇಲೆ ಟಾರ್ಪಾಲು. ಗಾಳಿಗೆ, ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಬ್ಯಾರನ್ ಮನೆಯಲ್ಲಿ ಮಾಡುವ ಹಾಗೇ ಮಾಡಿದೆವು. ಗಾಳಿ ಕೆಳಗಿನ ಕಿಂಡಿಯಲ್ಲಿ ಒಳಗೆ ಬರಬೇಕು, ಮೇಲಿನ ಕಿಂಡಿಯಲ್ಲಿ ಹೋಗಬೇಕು. ಎರಡಕ್ಕೂ ಸೊಳ್ಳೆಪರದೆ ಹೊಡೆದೆವು. ನೀಲಿ ಡ್ರಮ್ಮು ಅಡ್ಡ ಮಲಗಿಸಿ ನಲ್ಲಿ ಕೂರಿಸಿದ್ದಾಯಿತು. ಪುಟ್ಟ ಗ್ಯಾಸ್ ಒಲೆ, ಬ್ಯಾಟರಿಯಿಂದ ಒಂದು ಲೈಟು, ಪಾತ್ರೆ ಉರುಳದಂತೆ ಅಂಚು ಕಟ್ಟಿದ ಹಲಗೆ. ಮಾದೇಶ ಒಂದು ಕಬ್ಬಿಣದ ಮಂಚ ಮಾಡಿಕೊಟ್ಟ, ಅದಕ್ಕೆ ಹುಣಸೂರಿನ ಸೋಫಾ ಅಂಗಡಿಯವರು ಹಳೇ ಫೋಮು ಕೊಟ್ಟರು. ಗೌತಮಿ ಫೋನಿನಲ್ಲಿ ಯಾವ್ಯಾವುದೋ ದೇಶದವರು ಹೀಗೆ ಗಾಡಿ ಮಾಡಿಕೊಂಡು ತಿರುಗುವುದನ್ನು ತೋರಿಸೋಳು. ಅವರಿಗೆ ಬೇರೆ ಕೆಲಸ ಇಲ್ವಾ ಅಂತ ವಿಮಲ ಕೇಳಿದರೆ, ಇದೇ ಕೆಲಸವಂತೆ ಕಣವ್ವ ಅಂತ ನಗೋಳು.

ತೊಂದರೆ ಬಂದದ್ದು ಊರಿನಿಂದ. ನಮ್ಮ ಕಡೆ ಒಬ್ಬರ ಮನೆ ಮುಂದೆ ಪಿಕಪ್ ನಿಂತಿದ್ದರೆ ಅದು ಎಲ್ಲರದೂ. "ಗಾಡಿ ಐತಲ್ಲ" ಅಂತ ಶುರುಮಾಡುತ್ತಾರೆ, ಅಲ್ಲಿಗೆ ಮುಗಿಯಿತು, ಇಲ್ಲ ಅನ್ನೋ ಹಾಗಿಲ್ಲ. ಬೀಗರೂಟಕ್ಕೆ ಕೊಳಗ, ಶಾಮಿಯಾನ, ಹೋರಿ, ಗೊಬ್ಬರ. ಮೊದಲು ಮಂಚವನ್ನು ಸುಮ್ಮನೆ ಹಗ್ಗದಲ್ಲಿ ಬಿಗಿದಿದ್ದೆವು. ವಾರಕ್ಕೊಮ್ಮೆ ಅದನ್ನು ಇಳಿಸಬೇಕು, ಒಲೆ ಇಳಿಸಬೇಕು, ಡ್ರಮ್ಮು ಇಳಿಸಬೇಕು. ಒಂದು ಸಲ ಗಾಡಿ ವಾಪಸ್ ಬಂದಾಗ ಪರದೆ ಹರಿದಿತ್ತು, ಒಳಗೆಲ್ಲ ಆಡಿನ ಹಿಕ್ಕೆ. ಅವತ್ತೇ ಬಿಳಿಕೆರೆಗೆ ಹೋಗಿ, ಮಂಚಾನ ಗಾಡಿಗೆ ಸೇರಿಸಿ ವೆಲ್ಡ್ ಮಾಡಿಬಿಡು ಅಂದೆ.

ಮಾದೇಶ ಒಪ್ಪಲಿಲ್ಲ. ಬೋಲ್ಟ್ ಹಾಕ್ತೀನಿ ಭಾವ, ಬೇಕಾದಾಗ ಬಿಚ್ಚಬಹುದು ಅಂದ.

"ಬಿಚ್ಚಕ್ಕೆ ಬರೋಂಗಿದ್ರೆ ಬಿಚ್ಚು ಅಂತಾರೆ ಕಣ್ಲಾ. ಬಿಚ್ಚಕ್ಕೆ ಬರಬಾರ್ದು. ಅದೇ ಬೇಕಾಗಿರೋದು ನಂಗೆ."

ಅವನು ವೆಲ್ಡ್ ಮಾಡಿದ. ನನಗೆ ಬಹಳ ಬುದ್ಧಿವಂತನಾದೆ ಅನ್ನಿಸಿತು. ಇನ್ನು ಗೊಬ್ಬರಕ್ಕೆ ಯಾರು ಕೇಳುತ್ತಾರೆ ನೋಡೇಬಿಡೋಣ ಅಂತ ಗಾಡಿಯನ್ನು ಬೇಕೆಂದೇ ಬೀದಿಗೆ ಮುಖ ಮಾಡಿ ನಿಲ್ಲಿಸಿದೆ.

ಮೊದಲು ನೋಡಲು ಬಂದದ್ದು ಪಕ್ಕದ ಮನೆ ಕೆಂಪಯ್ಯನ ತಾಯಿ ಕುಳ್ಳಮ್ಮ. ಎಂಬತ್ತು ದಾಟಿದ ಮುದುಕಿ. ಕೋಲು ಕೆಳಗಿಟ್ಟು, ಗೌತಮಿಯ ಹೆಗಲು ಹಿಡಿದು ಹತ್ತಿ, ಮಂಚದ ಮೇಲೆ ಅಂಗಾತ ಮಲಗಿ, ನನ್ನ ಮದ್ವೇಲೂ ಇಷ್ಟು ಮೆತ್ತಗಿನ ಹಾಸಿಗೆ ಇರ್ನಿಲ್ಲ ಕಣ್ಲಾ ಸೋಮ ಅಂದಳು. ಬೀದಿಯೆಲ್ಲ ನಕ್ಕಿತು.

ಮರುವಾರ ನಿಂಗಯ್ಯ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಆಟೋದಲ್ಲಿ ಕಾಲು ಚಾಚಲು ಆಗುವುದಿಲ್ಲವಲ್ಲ, ಸೋಮನ ಗಾಡೀಲಿ ಮಂಚ ಐತಲ್ಲ ಅಂದರು. ಆಮೇಲೆ ಒಬ್ಬ ಬಸುರಿ. ಆಮೇಲೆ ಬೆನ್ನು ಹಿಡಿದುಕೊಂಡ ಮೇಷ್ಟ್ರು. ಅಕ್ಕಪಕ್ಕದ ಊರಿನವರೂ ಮಂಚದ ಗಾಡಿ ಯಾವುದು ಅಂತ ಕೇಳಿಕೊಂಡು ಬರತೊಡಗಿದರು.

ವಿಮಲ ಸುಮ್ಮನಿರಲಿಲ್ಲ. "ಲೋಡಿಗೆ ಕೇಳಬಾರ್ದು ಅಂತ ಮಂಚ ಅಂಟಿಸಿದ್ರಿ. ಈಗ ಮಂಚಕ್ಕೇ ಕೇಳ್ತಾವ್ರೆ. ಇನ್ನೂ ಏನಾದ್ರೂ ಅಂಟಿಸ್ಕೊಂಡು ಬನ್ನಿ."

ಅಷ್ಟರಲ್ಲಿ ಗೌತಮಿಗೆ ಗಂಡು ಗೊತ್ತಾಯಿತು. ಸರಗೂರಿನ ಶಿವಶಂಕರ್, ಗೊಬ್ಬರದ ಅಂಗಡಿ ಇದೆ, ಹುಡುಗ ಒಳ್ಳೆಯವನು. ಗುರುವಾರ ಬಳೆಶಾಸ್ತ್ರ. ಬಳೆ ತೊಡಿಸಿದ ಮೇಲೆ ನಮ್ಮಲ್ಲಿ ಮದುಮಗಳು ಊರ ಗಡಿ ದಾಟುವ ಹಾಗಿಲ್ಲ. ಅದರ ಹಿಂದೆಯೇ ಮದುವೆ. ಅಂದರೆ ಸಮುದ್ರ ನೋಡುವುದಾದರೆ ಬಳೆಶಾಸ್ತ್ರದ ಒಳಗೇ ನೋಡಬೇಕು. ಎಚ್.ಡಿ. ಕೋಟೆಯ ಒಬ್ಬ ಡ್ರೈವರನ್ನು ಗೋಗರೆದು ವ್ಯಾನಿಗೆ ಬದಲಿ ಒಪ್ಪಿಸಿದೆ. ಭಾನುವಾರದಿಂದ ಬುಧವಾರದ ತನಕ ಬರುತ್ತೇನೆ, ಆಮೇಲೆ ಆಗಲ್ಲ ಅಂದ. ಸಾಕು ಅಂದೆ.

ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು. ದಾರಿಯನ್ನೆಲ್ಲ ಗೌತಮಿಯೇ ಗೊತ್ತುಮಾಡಿದ್ದಳು. ಭಾನುವಾರ ಬೆಳಗಾಗುತ್ತಲೇ ಹೊರಟೆವು. ಮುಂದೆ ಮೂವರೂ ಒತ್ತಿಕೊಂಡು ಕೂತಿದ್ದೆವು. ಹಿಂದೆ ಅಕ್ಕಿ, ಬೇಳೆ, ಈರುಳ್ಳಿ, ವಿಮಲ ಹುರಿದಿಟ್ಟ ರವೆ. ಗಾಡಿ ಹಗುರ ಇತ್ತು. ಹಿಂದೆ ಭಾರ ಇಲ್ಲದೆ ಓಡಿಸಿ ಅಭ್ಯಾಸವಿಲ್ಲದ್ದಕ್ಕೆ ಪ್ರತಿ ಹಂಪಿನಲ್ಲೂ ಎಗರಿಸುತ್ತಿದ್ದೆ. ಪಂಚವಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಕೆಂಪಯ್ಯನ ಫೋನು ಬಂತು.

ಕುಳ್ಳಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದಿದ್ದಾಳೆ. ಸೊಂಟ ಮುರಿದಿರಬೇಕು, ಕೂರಿಸಿದರೆ ಕಿರುಚುತ್ತಾಳೆ. ಆಂಬುಲೆನ್ಸು ಬೇರೊಬ್ಬರನ್ನು ಕರೆದುಕೊಂಡು ಮೈಸೂರಿಗೆ ಹೋಗಿದೆಯಂತೆ, ಬರುವುದು ಹೊತ್ತಾಗುತ್ತದೆ. ಎಲ್ಲಿದ್ದೀಯ ಸೋಮ ಅಂತ ಕೇಳಿದ. ನಾವು ಹೊರಟಿರುವುದು ಅವನಿಗೆ ಗೊತ್ತಿತ್ತು. ಆದರೂ ಕೇಳಿದ.

ಒಂದು ನಿಮಿಷ ತಡಿ ಅಂತ ಫೋನನ್ನು ಎದೆಗೆ ಒತ್ತಿಕೊಂಡೆ. ಆಗಲೇ ವಿರಾಜಪೇಟೆ ದಾಟಿದೀವಿ ಅನ್ನಿ, ನೀವೊಬ್ರೇನಾ ಗಾಡಿ ಇಟ್ಕೊಂಡಿರೋದು ಅಂದಳು ವಿಮಲ. ಅವಳು ಹೇಳಿದ್ದು ನನ್ನ ಬಾಯಲ್ಲೂ ಇತ್ತು. ಯಾರು ಅಂತ ಗೌತಮಿ ಕೇಳಿದಳು. ಹೇಳಿದೆ. ಅವಳು ಟೀ ಲೋಟ ಬೆಂಚಿನ ಮೇಲಿಟ್ಟು, ಗಾಡಿಯ ಹಿಂದಕ್ಕೆ ಹೋಗಿ, ಮಂಚದ ಮೇಲಿದ್ದ ಚೀಲಗಳನ್ನು ಒಂದೊಂದಾಗಿ ಅದರ ಕೆಳಗೆ ತೂರಿಸಲು ಶುರುಮಾಡಿದಳು.

"ಬೋಲ್ಟ್ ಹಾಕ್ಸಿದ್ರೆ ಬಿಚ್ಚಿ ಇಲ್ಲೇ ಬಿಸಾಕಿ, ಮಂಚ ಇಲ್ಲ ಕಣ್ ಕೆಂಪಯ್ಯ ಅನ್ಬೋದಿತ್ತು" ಅಂದಳು. "ತಿರುಗ್ಸಪ್ಪ. ಅಜ್ಜಿ ನೋವು ತಿಂತಾ ಅವ್ಳೆ."

ತಿರುಗಿಸಿದೆ.

ಮೈಸೂರಿನ ಆಸ್ಪತ್ರೆ ಸೇರುವ ತನಕ ಗೌತಮಿ ಹಿಂದೆ ಕೂತು ಮುದುಕಿಯ ಸೊಂಟ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಮುದುಕಿಗೆ ಸಕ್ಕರೆ ಕಾಯಿಲೆ, ಅದು ಹತೋಟಿಗೆ ಬರುವವರೆಗೆ ಆಪರೇಷನ್ ಇಲ್ಲ ಅಂದರು. ಹೆಂಗಸರ ವಾರ್ಡು, ಕೆಂಪಯ್ಯನನ್ನು ಒಳಗೆ ಬಿಡುವುದಿಲ್ಲ. ಅವನ ಹೆಂಡತಿ ದನ ಬಿಟ್ಟು ಬರುವಂತಿಲ್ಲ. ಪಿರಿಯಾಪಟ್ಟಣದ ಅವನ ತಂಗಿ ಸುನಂದಮ್ಮನ ಮನೆಯಲ್ಲಿ ಬಾಣಂತಿ, ನಾಳೆ ಬತ್ತೀನಿ ನಾಳೆ ಬತ್ತೀನಿ ಅನ್ನುತ್ತಿದ್ದಳು. ಹಾಗಾಗಿ ವಿಮಲ, ಗೌತಮಿ ಸರದಿಯ ಮೇಲೆ ಒಳಗೆ ಇದ್ದರು. ಒಬ್ಬಳು ಒಳಗಿದ್ದಾಗ ಇನ್ನೊಬ್ಬಳು ಮಂಚದ ಮೇಲೆ. ಕೆಂಪಯ್ಯನೂ ನಾನೂ ಔಷಧಿಗೆ, ಸ್ಕ್ಯಾನಿಂಗಿಗೆ, ರಕ್ತಕ್ಕೆ ಓಡಾಡಿದೆವು. ಎರಡು ರಾತ್ರಿ ನಾನು ವಾರ್ಡಿನ ಮುಂದಿನ ಬೆಂಚಿನಲ್ಲಿ ಕೂತೇ ಇದ್ದೆ. ನೀವು ಹೊರಡ್ರಪ್ಪ, ನಮ್ಮಿಂದ ಯಾಕೆ ಅಂತ ಕೆಂಪಯ್ಯ ಪ್ರತಿ ಸಲ ಹೇಳುತ್ತಿದ್ದ, ಹೇಳುವಾಗ ನನ್ನ ತೋಳು ಬಿಡುತ್ತಿರಲಿಲ್ಲ.

ಸೋಮವಾರ ಸಂಜೆ ಆಸ್ಪತ್ರೆಯ ಹುಣಸೇಮರದ ಕೆಳಗೆ ಗಾಡಿಯ ಹಿಂಬಾಗಿಲು ತೆರೆದು ಗೌತಮಿ ಉಪ್ಪಿಟ್ಟು ಕೆದಕುತ್ತಿದ್ದಳು. ಬೇರೆ ರೋಗಿಗಳ ಕಡೆಯವರು ಬಂದು ನಲ್ಲಿ ತಿರುಗಿಸಿ ನೋಡುತ್ತಿದ್ದರು. ಒಬ್ಬಾತ ಇದು ಹೋಟೆಲ್ಲಾ ಅಂತಲೂ ಕೇಳಿದ. ಅವಳು ತಟ್ಟೆ ನನ್ನ ಕೈಗೆ ಕೊಟ್ಟು ಪಕ್ಕ ಕೂತಳು.

"ಸಮುದ್ರ ಎಂಗಿರ್ತದಪ್ಪ?"

"ನಾನೂ ನೋಡಿಲ್ಲ ಕಣವ್ವ."

ಅವಳು ತಿನ್ನುವುದು ನಿಲ್ಲಿಸಿ ನನ್ನ ಮುಖ ನೋಡಿದಳು. ಅಷ್ಟು ವರ್ಷ ಗಾಡಿ ಓಡಿಸಿದವನು ನೋಡಿರುತ್ತಾನೆ ಅಂತಲೇ ಅಂದುಕೊಂಡಿದ್ದಳು. ಲೋಡು ಯಾವತ್ತೂ ಆ ಕಡೆಗೆ ಸಿಗಲಿಲ್ಲ, ಸಿಕ್ಕಿದ್ದೆಲ್ಲ ಗುಂಟೂರು, ಸೇಲಂ ಅಂದೆ.

"ನೋಡ್ದೇನೇ ತೋರಿಸ್ತೀನಿ ಅಂದಿದ್ಯಾ? ಒಳ್ಳೆ ಅಪ್ಪ" ಅಂದು ನಕ್ಕಳು. ಆಮೇಲೆ ನಗಲಿಲ್ಲ.

ಮಂಗಳವಾರ ಮಧ್ಯಾಹ್ನ ಸುನಂದಮ್ಮ ಬಂದಳು. ಆಪರೇಷನ್ನೂ ಆಗಿತ್ತು, ಮುದುಕಿ ಕಣ್ಣು ಬಿಟ್ಟು ಕಾಫಿ ಕೇಳಿದ್ದಳು. ನಾನು ಲೆಕ್ಕ ಹಾಕಿದೆ. ಈಗ ಹೊರಟರೆ ರಾತ್ರಿಗೆ ಕಣ್ಣೂರು. ಬೆಳಿಗ್ಗೆ ಸಮುದ್ರ ನೋಡಿ, ಬುಧವಾರ ಸಂಜೆಗೆ ಮನೆ. ಆಗುತ್ತದೆ. ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು, ಹತ್ತಿ ಹತ್ತಿ ಅಂದೆ. ವಿಮಲ ಬೇಡ ಅಂದಳು. ನಿಂತಲ್ಲೇ ತೂಕಡಿಸ್ತಾ ಇದೀರ, ಆ ಘಾಟೀಲಿ ನಮ್ಮುನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರ ಅಂದಳು. ನಾನು ರೇಗಿದೆ. ಗೌತಮಿ ನಡುವೆ ಬಂದು, ಪಾತ್ರೆ ತೊಳೆದು ಡ್ರಮ್ಮಿಗೆ ನೀರು ತುಂಬಿಸಿಕೊಳ್ಳುತ್ತೇನೆ, ಅಷ್ಟರ ತನಕ ಮಂಚದ ಮೇಲೆ ಒಂದು ಗಳಿಗೆ ಉರುಳಿಕೋ ಅಂದಳು. ಅದೂ ಸರಿಯೇ ಅನ್ನಿಸಿತು.

ಆ ಮಂಚದ ಮೇಲೆ ನಾನು ಅವತ್ತಿನವರೆಗೆ ಮಲಗಿಯೇ ಇರಲಿಲ್ಲ. ಫೋಮು ಬೆನ್ನಿಗೆ ತಾಗಿದ್ದು ನೆನಪಿದೆ. ಕೆಳಗಿನ ಕಿಂಡಿಯಿಂದ ಗಾಳಿ ಬರುತ್ತಿತ್ತು.

ಎಚ್ಚರಾದಾಗ ಬಿಸಿಲು ಮುಖದ ಮೇಲಿತ್ತು. ಸಂಜೆಯ ಬಿಸಿಲು ಅಂದುಕೊಂಡೆ. ಯಾರೋ ಪೇಪರ್ ಮಾರುತ್ತಿದ್ದರು. ಬುಧವಾರ ಬೆಳಗಾಗಿತ್ತು.

ಇಳಿದು ವಿಮಲನ ಮೇಲೆ ಹಾರಾಡಿದೆ. ಅವಳು ಗೌತಮಿಯ ಕಡೆ ಕೈ ತೋರಿಸಿದಳು. ತಾನು ಎಬ್ಬಿಸಲು ಹೋದರೆ ಇವಳು ಬಿಡಲಿಲ್ಲವಂತೆ. ಹಿಂಬಾಗಿಲಿನ ಹತ್ತಿರವೇ ಕೂತು, ಬಂದ ಕೆಂಪಯ್ಯನನ್ನೂ ಗದರಿ ಕಳಿಸಿದಳಂತೆ.

"ಯಾಕೆ ಎಬ್ಬಿಸ್ಲಿಲ್ಲ?" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಗೊರ್ಕೆ ಒಡೀತಿದ್ದೆ. ನೀನು ಬೆಳಕಾದ್ಮೇಲೂ ಮಲಗಿರೋದ ನಾನು ಹುಟ್ಟಿದಾಗಿಂದ ನೋಡಿಲ್ಲ ಕಣಪ್ಪ. ನೋಡನ ಅನ್ನಿಸ್ತು." ಹಿಂಬಾಗಿಲು ಮುಚ್ಚುತ್ತಾ, "ಬುಡು, ಮನೆಗೆ ಓಗನ. ಬಳೆಗಾರ ಬೆಳಿಗ್ಗೇನೇ ಬತ್ತಾನೆ" ಅಂದಳು.

ಗುರುವಾರ ಅವಳಿಗೆ ಹಸಿರು ಬಳೆ ತೊಡಿಸಿದರು. ನಾನು ಬೆಳಗಿನ ಟ್ರಿಪ್ಪು ಮುಗಿಸಿ ಬರುವಷ್ಟರಲ್ಲಿ ಎರಡೂ ಕೈ ತುಂಬಿದ್ದವು. ಮುಂದಿನ ವಾರ ಮದುವೆ ಆಯಿತು. ಮದುವೆ ನಡೆದ ಸೊಸೈಟಿ ಕಟ್ಟಡದ ಮುಂದೆ ಶಿವಶಂಕರನ ಕಾರು ಹತ್ತುವಾಗ ಅವಳು ಅತ್ತಳು, ಎಲ್ಲ ಹೆಣ್ಣುಮಕ್ಕಳೂ ಅಳುವಷ್ಟೇ. ಸಂಜೆ ಟ್ರಿಪ್ಪಿಗೆ ನಾನು ವ್ಯಾನು ತೆಗೆದೆ.

ಗಂಡನ ಮನೆಗೆ ಹೋಗುವುದರೊಳಗೆ ಸಮುದ್ರ ತೋರಿಸುತ್ತೇನೆ ಅಂತ ಗೌತಮಿಗೆ ಮಾತು ಕೊಟ್ಟಿದ್ದೆ. ತೋರಿಸಲಿಲ್ಲ.